ಹದಿನೇಳನೇ ನಂಬರಿನ ಟೋಪಿ

2024 ನವೆಂಬರ್ 4, ಸೋಮವಾರ

ಆಸ್ಪತ್ರೆಯ ನರ್ಸ್ ಹೇಳಿದಳೆಂದು ಈ ಪುಸ್ತಕ ಶುರು ಮಾಡಿದ್ದೇನೆ. "ಮಿಸ್ಟರ್ ಹೋಲ್ರಾಯ್ಡ್, ಸಿಟ್ಟು ಬಂದಾಗ ಬಾಯಲ್ಲಿ ಆಡ್ಬೇಡಿ, ಬರೆದಿಡಿ. ಬಿಪಿ ತಾನಾಗೇ ಇಳಿಯುತ್ತೆ," ಎಂದಳು. ಮನೆಗೊಂದು ಯಂತ್ರವನ್ನೂ ಕೊಟ್ಟು ಕಳಿಸಿದ್ದಾಳೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅದು ಬುಸುಗುಟ್ಟುತ್ತಾ ಉಬ್ಬಿ, ನನ್ನ ಯೋಗ್ಯತೆಯನ್ನು ಎರಡು ಅಂಕಿಗಳಲ್ಲಿ ಹೇಳಿಬಿಡುತ್ತದೆ. ಇವತ್ತು 172/101.

ಅದಕ್ಕೆ ಕಾರಣ ಜರ್ಮನಿಯ ಲೇರ್ ಪಟ್ಟಣದ ಫ್ರೌ ಹಾರ್ಮ್ಸ್, ಅಂದರೆ ಶ್ರೀಮತಿ ಹಾರ್ಮ್ಸ್, ಬರೆದ ಪತ್ರ.

ನಮ್ಮದು ಟೀ ಆರದಂತೆ ಟೀಪಾಟಿಗೆ ಹೊದಿಸುವ ಉಣ್ಣೆಯ ಟೋಪಿ ಹೆಣೆಯುವ ಕಸುಬು. ತಾತ ಶುರು ಮಾಡಿದ್ದು. ಮೂರು ತಲೆಮಾರು ಟೋಪಿ ಹಾಕುತ್ತಲೇ ಬಂದಿದ್ದೇವೆ, ಒಬ್ಬರಿಗೂ ಮೋಸ ಮಾಡಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಈಗ ಟೀಪಾಟು ಇಟ್ಟುಕೊಂಡವರೇ ಅಪರೂಪ. ಎಲ್ಲರೂ ಲೋಟದೊಳಗೆ ಪುಡಿಯ ಚೀಲ ಇಳಿಬಿಟ್ಟು, ಹಿಂಡಿ, ಬಿಸಾಡಿ, ಅದನ್ನೇ ಟೀ ಎನ್ನುತ್ತಾರೆ. ಜರ್ಮನಿಯ ಆ ಸಮುದ್ರದ ಮೂಲೆಯವರು ಮಾತ್ರ ನಮಗಿಂತ ಹೆಚ್ಚು ಕುಡಿಯುತ್ತಾರೆ, ಅದೂ ಮರ್ಯಾದೆಯಾಗಿ, ಪಾಟಿನಿಂದ ಬಗ್ಗಿಸಿ. ನಾವು ಹೆಣೆದದ್ದರಲ್ಲಿ ಮುಕ್ಕಾಲು ಪಾಲು ಫ್ರೌ ಹಾರ್ಮ್ಸ್ ಅಂಗಡಿಗೇ ಹೋಗುತ್ತದೆ. ಆಕೆ ಬೇಡ ಎಂದ ದಿನ ಥಾರ್ನ್‌ಲೀ ಊರಿನ ಈ ಶೆಡ್ಡಿಗೆ ಬೀಗ.

ಆಕೆ ಬೇಡ ಎಂದಿಲ್ಲ. ಡಿಸೆಂಬರ್ 13ರಿಂದ ಐರೋಪ್ಯ ಒಕ್ಕೂಟದಲ್ಲಿ ಹೊಸ ಕಾನೂನಂತೆ. ಹೊರಗಿನಿಂದ ಬಂದ ಪ್ರತಿ ವಸ್ತುವಿನ ಮೇಲೂ ಒಕ್ಕೂಟದೊಳಗೇ ವಾಸಿಸುವ ಒಬ್ಬ ಹೊಣೆಗಾರನ ಹೆಸರು, ವಿಳಾಸ ಇರಬೇಕು. ಇಲ್ಲದಿದ್ದರೆ ಅಂಗಡಿಯಲ್ಲಿ ಇಡುವ ಹಾಗಿಲ್ಲ. "ದಯವಿಟ್ಟು ಬೇಗ ವ್ಯವಸ್ಥೆ ಮಾಡಿ, ನನಗೆ ನಿಮ್ಮ ಟೋಪಿಗಳೆಂದರೆ ಪ್ರೀತಿ," ಎಂದು ಬರೆದಿದ್ದಾಳೆ.

ಟೋಪಿಗೆ ಹೊಣೆಗಾರ! ಎಪ್ಪತ್ತು ವರ್ಷದಲ್ಲಿ ನಮ್ಮ ಟೋಪಿ ಯಾರ ಮೇಲಾದರೂ ಬಿದ್ದು ಯಾರಾದರೂ ಸತ್ತದ್ದುಂಟೆ? ಹೀಗೆ ಕೂಗಾಡುವಾಗ ಶಾಹೀನ್ ಕ್ಯಾಲೆಂಡರ್ ನೋಡುತ್ತಿದ್ದಳು. ಪ್ಯಾಕಿಂಗು, ಕಾಗದಪತ್ರ, ನನ್ನನ್ನು ಸುಮ್ಮನಿರಿಸುವುದು, ಮೂರೂ ಆಕೆಯ ಕೆಲಸ.

"ಮಿಸ್ಟರ್ ಎಚ್, ಹದಿಮೂರನೇ ತಾರೀಕು ಶುಕ್ರವಾರ ಬಿದ್ದಿದೆ, ಅಪಶಕುನದ ದಿನ," ಎಂದಳು.

"ಬೀಳದೆ ಇರುತ್ತಾ? ಬೇಕು ಅಂತಲೇ ಇಟ್ಟಿರ್ತಾರೆ."

ನವೆಂಬರ್ 6, ಬುಧವಾರ

ಹೊಣೆಗಾರರಾಗಿ ನಿಲ್ಲುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆಯಂತೆ. ಡಬ್ಲಿನ್‌ನ ಒಂದಕ್ಕೆ ಶಾಹೀನ್ ಫೋನ್ ಮಾಡಿದಳು. ಒಂದೊಂದು ನಮೂನೆಗೂ ಬೇರೆ ಬೇರೆ ಶುಲ್ಕ, ಅದೂ ಪ್ರತಿ ವರ್ಷ. ನಮ್ಮಲ್ಲಿ ನಲವತ್ತಮೂರು ನಮೂನೆಗಳಿವೆ: ಗೂಬೆ, ಜೇನುಗೂಡು, ಕುರಿ, ರಾಣಿಯ ಕಿರೀಟ, ಹೀಗೆ. ಅವರಿಗೆ ಕೊಡುವುದಕ್ಕಿಂತ ಶೆಡ್ ಮುಚ್ಚಿ ಮಲಗುವುದೇ ಅಗ್ಗ.

ಅದರ ಮೇಲೆ ಟೋಪಿಯಿಂದ ಆಗಬಹುದಾದ ಅಪಾಯಗಳನ್ನೆಲ್ಲ ಯೋಚಿಸಿ ಬರೆದು, ಹತ್ತು ವರ್ಷ ಜೋಪಾನ ಮಾಡಬೇಕಂತೆ. ಹತ್ತು ವರ್ಷ ನಾನೇ ಜೋಪಾನವಾಗಿ ಇರುತ್ತೇನೋ ಇಲ್ಲವೋ. ಟೀ ವಿರಾಮದಲ್ಲಿ ಎಲ್ಲರೂ ಸೇರಿ ಯೋಚಿಸಿದೆವು.

"ಬೆಕ್ಕು ಒಳಗೆ ಹೋಗಿ ಮಲಗಿಬಿಡಬಹುದು," ಎಂದು ಶಾಹೀನ್ ಬರೆದುಕೊಂಡಳು. "ಗ್ಯಾಸ್ ಒಲೆ ಹತ್ರ ಇಟ್ರೆ ಹತ್ತಿಕೊಳ್ಳಬಹುದು. ಇನ್ನೇನು?"

"ನಮ್ಮ ಪಾದ್ರಿ ಹೋದ ಕ್ರಿಸ್‌ಮಸ್ಸಿಗೆ ತಲೆಗೇ ಹಾಕ್ಕಂಡು ಕುಣಿದ್ನಲ್ಲ, ಅದ್ನೂ ಬರ್ಕೊ," ಎಂದಳು ಎನಿಡ್. ಎನಿಡ್‌ಗೆ ಎಪ್ಪತ್ತೊಂಬತ್ತು. ನಮ್ಮ ಆರು ಜನ ಹೆಣೆಯುವವರಲ್ಲಿ ಕೈ ಬಾಯಿ ಎರಡರಲ್ಲೂ ಆಕೆಯೇ ಚುರುಕು.

"ಅದ್ರಿಂದ ಏನು ಅಪಾಯ?"

"ನೋಡ್ದೋರಿಗೆ ಕಣವ್ವ."

ಶಾಹೀನ್ ಅದನ್ನೂ ಬರೆದಳು. ಆಮೇಲೆ ಏನೋ ಹೇಳಲು ಬಾಯಿ ತೆರೆದು, ಎನಿಡ್ ಕಡೆ ನೋಡಿ ಮುಚ್ಚಿಕೊಂಡಳು. ಒಕ್ಕೂಟ ಬಿಡಬೇಕೋ ಬೇಡವೋ ಎಂಬ 2016ರ ಮತದಾನದಲ್ಲಿ ಇಬ್ಬರೂ ಎದುರು ಬದುರು. ಆಗಲೇ ಒಂದು ಒಪ್ಪಂದವಾಗಿದೆ, ಟೀ ಕೋಣೆಯಲ್ಲಿ ಆ ಮಾತು ಎತ್ತುವ ಹಾಗಿಲ್ಲ. ನಾನು ಯಾವ ಕಡೆಗೆ ಹಾಕಿದೆ ಎಂದು ಇಲ್ಲಿಯೂ ಬರೆಯುವುದಿಲ್ಲ. ಪುಸ್ತಕ ಯಾರ ಕೈಗಾದರೂ ಸಿಕ್ಕೀತು.

169/99.

ನವೆಂಬರ್ 9, ಶನಿವಾರ

ನಿನ್ನೆ ಎನಿಡ್ ಸೂಜಿ ನಿಲ್ಲಿಸದೆ ಕೇಳಿದಳು, "ಅಲ್ಲಪ್ಪಾ ಕ್ಲಿಫರ್ಡು, ನಿಮ್ಮಕ್ಕ ಹಾಲೆಂಡಲ್ಲೇ ಅವ್ಳಲ್ವಾ? ಅದು ಒಕ್ಕೂಟ ಅಲ್ವಾ?"

ನನಗೆ ಈ ಯೋಚನೆ ಬಂದಿರಲಿಲ್ಲ ಎಂದಲ್ಲ. ಸೋಮವಾರ ಪತ್ರ ಓದಿದ ಐದನೇ ನಿಮಿಷಕ್ಕೇ ಬಂದಿತ್ತು. ಬಂದ ಹಾಗೆಯೇ ಆಚೆಗೆ ಅಟ್ಟಿದ್ದೆ.

ನರ್ಸ್ ಸಿಟ್ಟನ್ನು ಬರೆಯಲು ಹೇಳಿದ್ದಾಳೆ. ಹಾಗಾದರೆ ಇದನ್ನು ಬರೆಯಲೇಬೇಕು.

2013ರ ಆಗಸ್ಟ್. ಊರಿನ ಹೂವು ತರಕಾರಿ ಪ್ರದರ್ಶನದಲ್ಲಿ ಗಂಡಸರಿಗೆಂದೇ ಒಂದು ಸ್ಪರ್ಧೆ, ವಿಕ್ಟೋರಿಯಾ ಕೇಕ್. ಎರಡು ಪದರ, ನಡುವೆ ಜಾಮ್. ಮೂರು ವಾರ ಅಭ್ಯಾಸ ಮಾಡಿದ್ದೆ. ಅಕ್ಕಪಕ್ಕದ ಮನೆಯವರು ಕೆಟ್ಟ ಕೇಕ್ ತಿಂದು ತಿಂದು ದಪ್ಪವಾಗಿದ್ದರು. ಪ್ರದರ್ಶನದ ದಿನ ನನ್ನ ಕೇಕ್ ಆ ಮೇಜಿನ ಮೇಲೆ ಎದ್ದು ನಿಂತಿತ್ತು. ತೀರ್ಪುಗಾರ್ತಿ ನನ್ನ ಸ್ವಂತ ಅಕ್ಕ ಥೆಲ್ಮಾ. ಒಂದು ತುಂಡು ಕತ್ತರಿಸಿದಳು, ಬಾಯಿಗಿಟ್ಟಳು, ಅಗಿದಳೋ ಇಲ್ಲವೋ, ಚೀಟಿ ತೆಗೆದು ಬರೆದು ತಟ್ಟೆಯ ಮುಂದೆ ಇಟ್ಟಳು: "ನಿಯಮಕ್ಕೆ ಹೊಂದಿಲ್ಲ."

ನಿಯಮ ಪುಸ್ತಕದಲ್ಲಿ ರಾಸ್ಪ್‌ಬೆರಿ ಜಾಮ್ ಎಂದಿತ್ತು. ನಾನು ಹಾಕಿದ್ದು ಸ್ಟ್ರಾಬೆರಿ. ಮೊದಲ ಬಹುಮಾನ ಅಂಚೆಯಣ್ಣನಿಗೆ ಹೋಯಿತು. ಅವನ ಕೇಕನ್ನು ಬಾಗಿಲು ತೆರೆದಿಡಲು ಅಡ್ಡ ಇಡಬಹುದಿತ್ತು.

ನಾನು ಹಾಕಿದ್ದು ಅಂಗಡಿಯ ಜಾಮ್ ಅಲ್ಲ. ಆ ವರ್ಷ ಮಾರ್ಚಿನಲ್ಲಿ ಅಮ್ಮ ಹೋದಳು. ಅವಳ ಕೈಯಲ್ಲಿ ಮಾಡಿದ್ದು ಕಪಾಟಿನಲ್ಲಿ ಒಂದೇ ಒಂದು ಶೀಸೆ ಉಳಿದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ.

ಥೆಲ್ಮಾ ಎರಡು ವರ್ಷದ ನಂತರ ಡಚ್ಚಿನವನಾದ ಗಂಡ ವಿಮ್‌ನ ಜೊತೆ ಡೆವೆಂಟರ್ ಊರಿಗೆ ಹೋದಳು. ಹನ್ನೊಂದು ವರ್ಷದಿಂದ ಮಾತಿಲ್ಲ. ಕ್ರಿಸ್‌ಮಸ್ ಕಾರ್ಡ್ ಮಾತ್ರ ಒಂದು ವರ್ಷವೂ ತಪ್ಪಿಲ್ಲ, ಎರಡು ಕಡೆಯಿಂದಲೂ. ಜಗಳ ಬೇರೆ, ಕಾರ್ಡ್ ಬೇರೆ.

175/102. ಬರೆದರೆ ಇಳಿಯುತ್ತದೆ ಎಂದಿದ್ದಳು.

ನವೆಂಬರ್ 12, ಮಂಗಳವಾರ

ಎನಿಡ್ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಬೇಕು, ಸರದಿ ಬಂದಿಲ್ಲ. ಮನೆಯಲ್ಲಿ ಒಬ್ಬಳೇ ಕೂತರೆ ಗೋಡೆ ಮಾತಾಡುತ್ತದೆ ಎನ್ನುತ್ತಾಳೆ. "ಈ ಶೆಡ್ ಮುಚ್ಚುದ್ರೆ ನಾನು ಎಲ್ಲಿಗೋಗ್ಲಿ ಮಗ?" ಎಂದು ನಗುತ್ತಲೇ ಕೇಳಿದಳು. ಕೇಳಿದ ಮೇಲೆ ಸೂಜಿ ಎರಡು ನಿಮಿಷ ನಿಂತಿತ್ತು.

ಆದ್ದರಿಂದ ಮಾನ ಮರ್ಯಾದೆ ಬದಿಗಿಟ್ಟು, ಈ ವರ್ಷದ ಕ್ರಿಸ್‌ಮಸ್ ಕಾರ್ಡಿನಲ್ಲೇ ಕೇಳಿಬಿಟ್ಟೆ. ಏಳು ಸಲ ಹರಿದು ಎಂಟನೇ ಸಲ ಬರೆದದ್ದು:

"ಪ್ರಿಯ ಥೆಲ್ಮಾ ಮತ್ತು ವಿಮ್, ಕ್ರಿಸ್‌ಮಸ್ ಶುಭಾಶಯ. ಇಲ್ಲಿ ಮಳೆ ಮಾಮೂಲು. ಅಂದಹಾಗೆ ಒಂದು ತೀರಾ ಸಣ್ಣ ವಿಷಯ. ನಮ್ಮ ಟೋಪಿಗಳ ಚೀಟಿಯ ಮೇಲೆ ಆ ಕಡೆಯ ಒಬ್ಬರ ಹೆಸರು ಇದ್ದರೆ ಒಳ್ಳೆಯದು ಎಂದು ಯಾರೋ ಹೇಳುತ್ತಿದ್ದರು. ನೀನೇ ಆಗಬೇಕೆಂದೇನೂ ಇಲ್ಲ. ತೊಂದರೆಯಾಗುವುದಾದರೆ ಖಂಡಿತ ಬೇಡ. ತೊಂದರೆಯಾಗದಿದ್ದರೂ, ಬೇಡವೆನಿಸಿದರೆ ಬೇಡ. ನಾವು ಹೇಗೋ ನಿಭಾಯಿಸುತ್ತೇವೆ. ಉತ್ತರ ಬರೆಯುವ ಅಗತ್ಯವೂ ಇಲ್ಲ. ಕ್ಲಿಫರ್ಡ್."

ಇದಕ್ಕಿಂತ ನೇರವಾಗಿ ನಾನು ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳಿದ್ದಿಲ್ಲ. ಅಂಚೆಗೆ ಹಾಕಿ ಬಂದ ಮೇಲೆ ಕಿವಿ ಬಿಸಿಯಾಗಿತ್ತು. ಪ್ರತಿ ವರ್ಷ ಅತಿ ನಿಧಾನದ ಅಂಚೆಗೆ ಹಾಕುತ್ತಿದ್ದೆ. ಈ ಸಲ ಬೇಗ ಹೋಗುವ ಸ್ಟಾಂಪು ಹಚ್ಚಿದ್ದೇನೆ. ಅದನ್ನು ನೋಡಿಯಾದರೂ ಅವಳಿಗೆ ಗೊತ್ತಾಗಬೇಕು.

ನವೆಂಬರ್ 21, ಗುರುವಾರ

ಉತ್ತರ ಬಂತು. ಇಡೀ ಪತ್ರ ಇಷ್ಟೇ:

"ಕ್ಲಿಫ್, ಕಾರ್ಡ್ ತಲುಪಿತು. ನವೆಂಬರಿನಲ್ಲೇ ಬಂದದ್ದು ನೋಡಿ ಯಾರಾದರೂ ಸತ್ತರೇನೋ ಎಂದುಕೊಂಡೆವು. ಹೆಸರಿನ ವಿಷಯ: ಮೂರು ಸಲ 'ಬೇಡ' ಎಂದೂ ಎರಡು ಸಲ 'ಇಲ್ಲ' ಎಂದೂ ಬರೆದಿದ್ದೀಯ. ಆದ್ದರಿಂದ ಬಿಟ್ಟಿದ್ದೇನೆ. ನೀವು ನಿಭಾಯಿಸುತ್ತೀರಿ ಎಂದು ತಿಳಿದು ಸಂತೋಷ. ಥೆಲ್ಮಾ."

ನೋಡಿ ಇವಳನ್ನು! ಒಂಬತ್ತು ವರ್ಷ ಡಚ್ಚರ ನಡುವೆ ಇದ್ದು, ಹೇಳಿದ್ದನ್ನು ಹೇಳಿದ ಹಾಗೆಯೇ ತಿಳಿಯುವ ರೋಗ ಅಂಟಿಸಿಕೊಂಡಿದ್ದಾಳೆ. ಮೊದಲೂ ಇತ್ತು, ಈಗ ಉಲ್ಬಣಿಸಿದೆ. ಶಾಹೀನ್‌ಗೆ ನಾನು ಬರೆದದ್ದರ ಕರಡು ತೋರಿಸಿ ನ್ಯಾಯ ಕೇಳಿದೆ. ಎರಡು ಸಲ ಓದಿದಳು.

"ಮಿಸ್ಟರ್ ಎಚ್, ಇದ್ರಲ್ಲಿ ನೀವು ಕೇಳಿರೋದು ಎಲ್ಲಿದೆ?"

"ಅಲ್ಲೇ ಇದೆಯಲ್ಲ, 'ಅಂದಹಾಗೆ' ಅಂತ."

"ಇದು ಸಹಾಯ ಕೇಳೋ ಕಾಗದ ಅಲ್ಲ, ರಾಜೀನಾಮೆ ಪತ್ರ. ಫೋನ್ ಮಾಡಿ."

"ನಾಳೆ ಮಾಡ್ತೀನಿ."

"ಇಪ್ಪತ್ತೆರಡು ದಿನ ಇದೆ ಹದಿಮೂರಕ್ಕೆ. ಮನೇಲಿ ನನಗೆ ಮೂರು ಮಕ್ಕಳು, ನಿಮ್ಮನ್ನ ಸೇರಿಸಿದ್ರೆ ನಾಲ್ಕು. ಈಗ್ಲೇ ಮಾಡಿ," ಎಂದು ಫೋನನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು. ನಾನು ಕೋಟು ಹಾಕಿಕೊಂಡು ಮನೆಗೆ ಬಂದೆ.

178/104.

ನವೆಂಬರ್ 22, ಶುಕ್ರವಾರ

ಮಾಡಿದೆ, ಶೆಡ್ಡಿನಿಂದಲೇ.

ಎತ್ತಿದವನು ವಿಮ್. "ನಾನು ಕ್ಲಿಫರ್ಡ್," ಎಂದೆ. "ಓ, ಕೇಕ್," ಎಂದು ಫೋನನ್ನು ಅವಳ ಕೈಗೆ ಕೊಟ್ಟ.

ಹದಿನಾಲ್ಕು ನಿಮಿಷ ಮಳೆಯ ಬಗ್ಗೆ ಮಾತಾಡಿದೆವು. ಅಲ್ಲಿನ ಮಳೆ, ಇಲ್ಲಿನ ಮಳೆ, ಹೋದ ವರ್ಷದ ಮಳೆ. ಹವಾಮಾನ ಮುಗಿದು ರಸ್ತೆ ರಿಪೇರಿ ಶುರುವಾಗುವಷ್ಟರಲ್ಲಿ ಎನಿಡ್ ಹಿಂದಿನಿಂದ ಹೆಣೆಯುವ ಸೂಜಿಯಲ್ಲಿ ಬೆನ್ನಿಗೆ ಚುಚ್ಚಿದಳು. ನಾನು, "ಥೆಲ್ಮಾ, ನಿನ್ನ ಹೆಸರು ಬೇಕು. ಇಲ್ಲದಿದ್ರೆ ಶೆಡ್ ಮುಚ್ಚಬೇಕಾಗುತ್ತೆ," ಎಂದುಬಿಟ್ಟೆ. ಬಾಯಿಯಿಂದ ಮಾತು ಬಂದದ್ದಲ್ಲ, ಬಿದ್ದದ್ದು.

ಅತ್ತ ಕಡೆ ಕುರ್ಚಿ ಎಳೆದು ಕೂತ ಸದ್ದು.

"ಬೇಕು ಅಂದ್ರೆ ಬೇಕು ಅಂತಾನೇ ಬರೀಬೇಕಿತ್ತು," ಎಂದಳು ಕೊನೆಗೆ. "ಆ ಕಾನೂನು ನಾನು ಓದಿದೀನಿ."

"ಯಾವಾಗ ಓದಿದೆ?"

"ನಿನ್ನ ಕಾರ್ಡ್ ಬಂದ ದಿನಾನೇ. ಪೂರ್ತಿ ಓದಿದೆ, ಅಡಿಟಿಪ್ಪಣಿ ಸಮೇತ. ಚೀಟಿ ಮೇಲೆ ಹೆಸರು ಹಾಕಿಸ್ಕೊಂಡು ಕೂರೋದಲ್ಲ ಕ್ಲಿಫ್ ಅದು, ಕಾಗದಪತ್ರ ಸರಿ ಇದೆಯಾ ನೋಡ್ಬೇಕು, ದೂರು ಬಂದ್ರೆ ತಿಳಿಸ್ಬೇಕು. ಕಣ್ಣಲ್ಲಿ ನೋಡದೆ ಇರೋ ವಸ್ತುವಿಗೆ ನಾನು ಹೆಸರು ಕೊಡಲ್ಲ. ಬುಧವಾರದ ಹಡಗಿಗೆ ಹೊರಟು ಗುರುವಾರ ಬರ್ತೀನಿ. ಇರೋ ನಮೂನೆಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟಿರು. ನಿಯಮ ಅಂದ್ಮೇಲೆ ನಿಯಮ."

ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಲು ಹೋಗಿ ಹುಲಿಯನ್ನು ಮನೆಗೆ ಕರೆದ ಹಾಗಾಯಿತು.

ನವೆಂಬರ್ 28, ಗುರುವಾರ

ಬೆಳಿಗ್ಗೆ ಹನ್ನೊಂದಕ್ಕೆ ಹಲ್ ಬಂದರಿನಿಂದ ಕಾರಿನಲ್ಲಿ ಬಂದರು. ಥೆಲ್ಮಾ ಬಿಳಿಯಾಗಿದ್ದಾಳೆ, ಕೂದಲಿನ ಮಟ್ಟಿಗೆ. ಬೆನ್ನು ಮಾತ್ರ ಇನ್ನೂ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿದೆ. ತಬ್ಬಿಕೊಳ್ಳುವುದೋ ಕೈ ಕುಲುಕುವುದೋ ಇಬ್ಬರಿಗೂ ತಿಳಿಯದೆ, ಕೊನೆಗೆ ನಾನು ಅವಳ ಕೊಡೆ ತೆಗೆದುಕೊಂಡೆ.

"ರಸ್ತೆ ಹೇಗಿತ್ತು?"

"ಲೀಡ್ಸ್ ಹತ್ರ ಸ್ವಲ್ಪ ನಿಂತಿದ್ವಿ."

ಹನ್ನೊಂದು ವರ್ಷದ ಮೇಲೆ ಒಡಹುಟ್ಟಿದವರ ಮೊದಲ ಮಾತು ಇದು. ಎನಿಡ್ ತಲೆ ಚಚ್ಚಿಕೊಂಡಳು.

ಟೋಪಿಗಳನ್ನು ಉದ್ದನೆಯ ಮೇಜಿನ ಮೇಲೆ ನಂಬರ್ ಪ್ರಕಾರ ಇಟ್ಟಿದ್ದೆವು. ಥೆಲ್ಮಾ ಕೈಚೀಲದಿಂದ ಬಿಳಿ ಕೈಗವಸು, ಅಳತೆಯ ಟೇಪು, ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ತೆಗೆದಳು. ಪ್ರತಿ ಟೋಪಿಯ ನೆತ್ತಿಯ ಗೊಂಡೆಗೂ ಕೊಕ್ಕೆ ಸಿಕ್ಕಿಸಿ ಎಳೆದಳು. ಒಂಬತ್ತು ಕಿಲೋ ಎಳೆತಕ್ಕೆ ಗೊಂಡೆ ತಡೆಯಬೇಕಂತೆ. ಇದು ಕಾನೂನಿನಲ್ಲಿದೆಯೇ ಎಂದು ಕೇಳಿದ್ದಕ್ಕೆ, "ಇದು ನನ್ನದು," ಎಂದಳು.

ಮೊದಲ ಗೊಂಡೆ ನಾಲ್ಕನೇ ನಂಬರಿನ ಕುರಿಯದ್ದು. ಪುಟಕ್ಕನೆ ಕಿತ್ತು ಹಾರಿ ವಿಮ್‌ನ ಟೀಗೆ ಬಿತ್ತು.

"ಒಂದು ವರ್ಷದ ಮಗು ಇದನ್ನ ಬಾಯಿಗೆ ಹಾಕ್ಕೊಂಡಿದ್ರೆ?" ಎಂದಳು ಥೆಲ್ಮಾ.

"ಒಂದು ವರ್ಷದ ಮಗು ಟೀ ಕುಡಿಯಲ್ಲ!"

"ಮಗುವಿನ ಅಜ್ಜಿ ಕುಡೀತಾಳೆ."

ವಿಮ್ ಲೋಟದಿಂದ ಗೊಂಡೆ ತೆಗೆದು, ಹಿಂಡಿ, ನನ್ನ ಮುಂದೆ ಇಟ್ಟು, "ಅವಳು ಹೇಳೋದು ಸರಿ. ಇದು ಅಪಾಯ, ರುಚೀನೂ ಇಲ್ಲ," ಎಂದ.

ಹದಿನಾರನೇ ನಂಬರಿಗೆ ಬರುವಷ್ಟರಲ್ಲಿ ಆರು ಟೋಪಿಗಳ ಮುಂದೆ ಚೀಟಿ ಬಿದ್ದಿತ್ತು: ನಿಯಮಕ್ಕೆ ಹೊಂದಿಲ್ಲ, ನಿಯಮಕ್ಕೆ ಹೊಂದಿಲ್ಲ. ಅದೇ ಕೈಬರಹ. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ. ನಾನು ಇನ್ನೇನು ಕಿರುಚಬೇಕು, ಅಷ್ಟರಲ್ಲಿ ಅವಳು ಹದಿನೇಳನೆಯದರ ಮುಂದೆ ನಿಂತಳು.

ಹದಿನೇಳು ಸ್ಟ್ರಾಬೆರಿ. ದಪ್ಪ ಕೆಂಪು ಹಣ್ಣು, ಹಳದಿ ಬೀಜಗಳು, ಮೇಲೆ ಹಸಿರು ತೊಟ್ಟು. ಫ್ರೌ ಹಾರ್ಮ್ಸ್ ಅಂಗಡಿಯಲ್ಲಿ ಅತಿ ಹೆಚ್ಚು ಹೋಗುವುದು ಅದೇ.

"ಇದು ಯಾವಾಗ ಮಾಡಿದ್ದು?"

"2013. ಸೆಪ್ಟೆಂಬರ್."

"ನನ್ನ ಮೇಲಿನ ಸಿಟ್ಟಿಗಾ?"

"ಹೌದು," ಎಂದೆ. ಎರಡನೇ ಸಲ ನೇರವಾಗಿ ಮಾತಾಡಿದ್ದೆ, ಅದೂ ಒಂದೇ ವಾರದಲ್ಲಿ.

ಅವಳು ಕೊಕ್ಕೆ ಹಾಕಲಿಲ್ಲ. ಕೈಗವಸು ಬಿಚ್ಚಿ, ಬರಿಗೈಯಲ್ಲಿ ತೊಟ್ಟನ್ನು ಹಿಡಿದು ನೋಡಿದಳು.

"ಅದು ಅಮ್ಮನ ಜಾಮ್," ಎಂದಳು.

ನಾನು ಯಾರಿಗೂ ಹೇಳಿರಲಿಲ್ಲ.

"ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು ಕ್ಲಿಫ್. ನಿಂಬೆಹಣ್ಣಿನ ಸಿಪ್ಪೆ ಹಾಕ್ತಿದ್ಲಲ್ಲ. ಇಡೀ ಊರು ಟೆಂಟಲ್ಲಿ ನಿಂತು ನನ್ನ ಮುಖಾನೇ ನೋಡ್ತಿತ್ತು. ಇನ್ನೊಂದು ಕ್ಷಣ ಅಲ್ಲೇ ನಿಂತಿದ್ರೆ ಗೊಳೋ ಅಂತ ಅತ್ತುಬಿಡ್ತಿದ್ದೆ. ನಿಯಮ ಇತ್ತು, ಚೀಟಿ ಬರೆದು ಮುಂದಿನ ಮೇಜಿಗೆ ಹೋದೆ. ಆಮೇಲೆ ಟೆಂಟ್ ಹಿಂದೆ ನಿಂತ್ಕೊಂಡು ನಿನ್ನ ಕೇಕಲ್ಲಿ ಅರ್ಧ ತಿಂದೆ. ಬರಿಗೈಯಲ್ಲೇ."

"ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಎನಿಡ್ ಸೂಜಿ ಕೆಳಗಿಟ್ಟು, "ಅಯ್ಯೋ ನಿಮ್ಮಿಬ್ರ ಬಾಯಿಗೆ ಬೆಂಕಿ ಬೀಳ," ಎಂದು ಮುಖವನ್ನು ಅರ್ಧ ಹೆಣೆದ ಗೂಬೆಯಲ್ಲೇ ಒರೆಸಿಕೊಂಡಳು. ಶಾಹೀನ್ ಕೆಟಲ್ ಇಡಲು ಓಡಿದಳು. ನಾನು ಕಿಟಕಿಯ ಕಡೆ ತಿರುಗಿ ಮಳೆ ಬಂತೇನೋ ಎಂದು ನೋಡಿದೆ. ಬಂದಿರಲಿಲ್ಲ. ಆದರೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದೆ.

ಥೆಲ್ಮಾ ಹದಿನೇಳರ ಮುಂದೆ ಒಂದು ಚೀಟಿ ಇಟ್ಟಳು: "ಮೊದಲ ಬಹುಮಾನ." ಕೂಡಲೇ ಅದರ ಕೆಳಗೆ ಸಣ್ಣಕ್ಷರದಲ್ಲಿ, "ತೊಟ್ಟಿಗೆ ಇನ್ನೆರಡು ಹೊಲಿಗೆ ಹಾಕುವುದು."

ಬಿಪಿ ನೋಡಲು ಮರೆತೆ.

ನವೆಂಬರ್ 30, ಶನಿವಾರ

ಎಲ್ಲರೂ ಗೊಂಡೆ ಹೊಲಿಯುತ್ತಿದ್ದೇವೆ. ಥೆಲ್ಮಾ ಅಪಾಯಗಳ ಪಟ್ಟಿ ತಿದ್ದಿದಳು. ಪಾದ್ರಿಯನ್ನು ತೆಗೆಯಲು ಒಪ್ಪಲಿಲ್ಲ, "ತಲೆಗೆ ಧರಿಸುವ ಸಂಭವ" ಎಂಬ ಶೀರ್ಷಿಕೆಯಡಿ ಸೇರಿಸಿದ್ದಾಳೆ.

ಡಿಸೆಂಬರ್ 1, ಭಾನುವಾರ

ಹಡಗಿಗೆ ಬಿಟ್ಟು ಬಂದೆ. "ಸರಿ ಹಾಗಾದ್ರೆ," ಎಂದಳು. "ಸರಿ," ಎಂದೆ. ಕೊಡೆ ಇಲ್ಲೇ ಬಿಟ್ಟು ಹೋಗಿದ್ದಾಳೆ.

ಡಿಸೆಂಬರ್ 5, ಗುರುವಾರ

ಕೊಕ್ಕೆ ತಕ್ಕಡಿಯೂ ಇಲ್ಲೇ ಇದೆ. ಇವತ್ತು ಎನಿಡ್ ಹೆಣೆದ ಜೇನುಗೂಡಿನ ಗೊಂಡೆ ಎಂಟೂವರೆ ಕಿಲೋಗೇ ಕಿತ್ತು ಬಂತು. ವಾಪಸ್ ಕೊಟ್ಟೆ.

"ಅರ್ಧ ಕಿಲೋ ತಾನೇ ಮಗ, ಬಿಡತ್ಲಾಗೆ."

"ಎನಿಡ್, ನಿಯಮ ಅಂದ್ಮೇಲೆ ನಿಯಮ."

ಆರು ಹೆಂಗಸರೂ ಏಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರೋ ತಿಳಿಯಲಿಲ್ಲ. 150/90.

ಡಿಸೆಂಬರ್ 13, ಶುಕ್ರವಾರ

ಪೆಟ್ಟಿಗೆಗಳು ನಿನ್ನೆಯೇ ಲೇರ್ ತಲುಪಿವೆ. ಫ್ರೌ ಹಾರ್ಮ್ಸ್ ಇವತ್ತು ಅಂಗಡಿಯ ಕಿಟಕಿಯ ಫೋಟೋ ಕಳಿಸಿದ್ದಳು. ಸಾಲಾಗಿ ಸ್ಟ್ರಾಬೆರಿಗಳು, ಪ್ರತಿಯೊಂದಕ್ಕೂ ಬಿಳಿಯ ಚೀಟಿ, ಚೀಟಿಯಲ್ಲಿ "ಥೆಲ್ಮಾ ವಿಸ್ಸರ್, ಡೆವೆಂಟರ್" ಮತ್ತು ಫೋನ್ ನಂಬರ್. ಶಾಹೀನ್ ಅದನ್ನು ದೊಡ್ಡದು ಮಾಡಿ ಟೀ ಕೋಣೆಯ ಗೋಡೆಗೆ ಅಂಟಿಸಿದಳು. ಎನಿಡ್ ಅದರ ಮುಂದೆ ಕೂತು ಎರಡು ಬಿಸ್ಕತ್ತು ಹೆಚ್ಚಿಗೆ ತಿಂದಳು.

ಫ್ರೌ ಹಾರ್ಮ್ಸ್‌ದು ಒಂದು ಪ್ರಶ್ನೆಯಿದೆ. ತೊಳೆಯುವುದು ಹೇಗೆ ಎಂದು ಬೆಳಿಗ್ಗೆಯೇ ಒಬ್ಬಳು ಗಿರಾಕಿ ಚೀಟಿಯ ನಂಬರಿಗೆ ಫೋನ್ ಮಾಡಿದಳಂತೆ. ಆ ಕಡೆಯ ಮಹಿಳೆ ನಲವತ್ತು ನಿಮಿಷ ಬಿಡಲಿಲ್ಲವಂತೆ. ಇದು ಸಾಮಾನ್ಯವೇ ಎಂದು ಕೇಳಿದ್ದಾಳೆ. ಹೌದು, ಎಂದು ಬರೆದೆ.

ಡಿಸೆಂಬರ್ 15, ಭಾನುವಾರ

ಸಂಜೆ ಆರಕ್ಕೆ ಸರಿಯಾಗಿ ಥೆಲ್ಮಾ ಫೋನ್ ಮಾಡಿದಳು. ದೂರು ಬಂದರೆ ತಯಾರಕನಿಗೆ ತಿಳಿಸುವುದು ಹೊಣೆಗಾರಳ ಕರ್ತವ್ಯವಂತೆ.

"ಬಂದಿದೆಯಾ?"

"ಇಲ್ಲ."

"ಮತ್ತೆ ಫೋನ್ ಯಾಕೆ?"

"ಬಂದಿಲ್ಲ ಅಂತ ತಿಳಿಸ್ಬೇಡ್ವಾ?"

ಇಪ್ಪತ್ತು ನಿಮಿಷ ಮಾತಾಡಿದೆವು.

2025 ಜನವರಿ 5, ಭಾನುವಾರ

ದೂರು ಇಲ್ಲ. ಐವತ್ತು ನಿಮಿಷ. ಅಮ್ಮ ಜಾಮ್ ಕುದಿಯುವಾಗ ನಮ್ಮಿಬ್ಬರನ್ನೂ ಅಡುಗೆಮನೆಯಿಂದ ಓಡಿಸಿ ಬಾಗಿಲಿಗೆ ಕುರ್ಚಿ ಅಡ್ಡ ಇಡುತ್ತಿದ್ದಳಲ್ಲ, ಆ ಕುರ್ಚಿಗೆ ಕಾಲು ಮೂರೋ ನಾಲ್ಕೋ ಎಂದು ವಾದ. ಮೂರು. ಅವಳು ಒಪ್ಪಲಿಲ್ಲ.

ಜನವರಿ 19, ಭಾನುವಾರ

ದೂರು ಇಲ್ಲ. ಒಂದು ಗಂಟೆ ಹತ್ತು ನಿಮಿಷ. ಭಾನುವಾರದ ಊಟವನ್ನು ಐದೂವರೆಗೇ ಮುಗಿಸುತ್ತೇನೆ ಈಗ. ಅವಳು ಫೋನ್ ಮಾಡುತ್ತಾಳೆಂದಲ್ಲ, ಬೇಗ ಉಂಡರೆ ಹೊಟ್ಟೆಗೆ ಒಳ್ಳೆಯದು.

ಪತ್ರಿಕೆಯಲ್ಲಿ ಬಂದಿದೆ, ಲಂಡನ್ನಿನವರೂ ಬ್ರಸೆಲ್ಸಿನವರೂ ಮತ್ತೆ ಕೂತು ಮಾತಾಡುವ ಲಕ್ಷಣಗಳಿವೆಯಂತೆ, ಕಾಗದಪತ್ರ ಕಡಿಮೆಯಾಗಬಹುದಂತೆ. ಶಾಹೀನ್ ಓದಿ ಹೇಳಿದಾಗ, ಎಲ್ಲವನ್ನೂ ತೆಗೆದುಹಾಕುವುದು ಬೇಡ, ಕೆಲವು ಇರಬೇಕು ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಫೆಬ್ರವರಿ 2, ಭಾನುವಾರ

ಆರಾಯಿತು. ಫೋನ್ ಇಲ್ಲ.

ಆರು ಐದು. ಫೋನ್ ಸರಿಯಿದೆಯೇ ಎಂದು ಎತ್ತಿ ನೋಡಿದೆ. ಸರಿಯಿತ್ತು. ಎತ್ತಿದ ಹೊತ್ತಿನಲ್ಲೇ ಅವಳು ಮಾಡಿದ್ದರೆ? ಇಟ್ಟೆ.

ಆರು ಹತ್ತು. ಅವಳಿಗೆ ಅರವತ್ತೊಂಬತ್ತು. ವಿಮ್‌ಗೆ ಹೃದಯದ ತೊಂದರೆಯಿದೆ. ಅಲ್ಲಿ ರಸ್ತೆಯೆಲ್ಲ ಮಂಜುಗಡ್ಡೆಯಂತೆ. ನಾನೇ ಮಾಡಬಹುದಿತ್ತು. ಆದರೆ ಏನೆಂದು ಮಾಡುವುದು? ತಯಾರಕನು ಹೊಣೆಗಾರಳಿಗೆ ಫೋನ್ ಮಾಡಲು ಒಂದು ಕಾರಣ ಬೇಡವೇ?

ಆರೂಕಾಲಿಗೆ ಮಾಡಿಯೇಬಿಟ್ಟೆ. ಮೊದಲ ಗಂಟೆಗೇ ಎತ್ತಿದಳು.

"ಥೆಲ್ಮಾ, ಒಂದು ದೂರು ಬಂದಿದೆ."

"ಯಾವ ನಂಬರ್?" ಕಾಗದ ಸರಿಸಿದ ಸದ್ದು.

"ಹದಿನೇಳು."

"ಏನಂತೆ?"

ನಾನು ಏನೂ ಯೋಚಿಸಿರಲಿಲ್ಲ. "ಟೀ ಆರೋದೇ ಇಲ್ವಂತೆ. ಬಿಸಿ ಬಿಸಿಯಾಗೇ ಇರುತ್ತಂತೆ, ಒಬ್ಬರೇ ಕುಡಿದು ಮುಗಿಸೋಕೆ ಆಗಲ್ವಂತೆ."

ಅವಳು ಬರೆದುಕೊಂಡಳು. ಪೆನ್ನಿನ ಸದ್ದು ಕೇಳುತ್ತಿತ್ತು.

"ದೂರು ಕೊಟ್ಟವರ ಹೆಸರು?"

ಸುಳ್ಳು ಹೇಳಲು ಬರಲಿಲ್ಲ. "ಹೋಲ್ರಾಯ್ಡ್," ಎಂದೆ.

ಪೆನ್ನಿನ ಸದ್ದು ನಿಂತಿತು. ಹಿಂದಿನಿಂದ ವಿಮ್, "ಮಾಡಿದ್ನಾ? ನಾನು ಹೇಳಿರ್ಲಿಲ್ವಾ, ಇಪ್ಪತ್ತು ನಿಮಿಷದೊಳಗೆ ಮಾಡ್ತಾನೆ ಅಂತ?" ಎಂದದ್ದು ಕೇಳಿಸಿತು.

"ಏಳು ಭಾನುವಾರ ನಾನೇ ಮಾಡಿದೀನಿ," ಎಂದಳು ಥೆಲ್ಮಾ. "ಎಂಟನೇದು ನೀನು ಮಾಡ್ತೀಯೋ ಇಲ್ವೋ ಅಂತ ಫೋನ್ ಮುಂದೆನೇ ಕೂತಿದ್ದೆ." ಪೆನ್ನಿನ ಸದ್ದು ಮತ್ತೆ ಶುರುವಾಯಿತು. "ದೂರು ಗಂಭೀರವಾಗಿದೆ. ಇಂಥದ್ದನ್ನ ಸ್ಥಳಕ್ಕೇ ಬಂದು ಪರಿಶೀಲಿಸ್ಬೇಕು. ಈಸ್ಟರ್ ವಾರ."

"ಹಾಗಂತ ನಿಯಮ ಇದೆಯಾ?"

"ಇಲ್ಲ. ಇರಬೇಕಿತ್ತು."

ಆಮೇಲೆ ಒಂದೂವರೆ ಗಂಟೆ ಮಾತಾಡಿದೆವು. ಕುರ್ಚಿಗೆ ಮೂರೇ ಕಾಲು ಎಂದು ಒಪ್ಪಿಕೊಂಡಳು. ಈಸ್ಟರಿಗೆ ಕೇಕ್ ಮಾಡುತ್ತೇನೆ ಎಂದೆ. ಯಾವ ಜಾಮ್ ಎಂದು ಅವಳು ಕೇಳಲಿಲ್ಲ. ನಿಂಬೆಹಣ್ಣು ತರಲು ಶಾಹೀನ್‌ಗೆ ಈಗಲೇ ಚೀಟಿ ಬರೆದಿಟ್ಟಿದ್ದೇನೆ.

ಮಲಗುವ ಮುಂಚೆ ಬಿಪಿ ನೋಡಿಕೊಂಡೆ. 126/79. ನನ್ನ ವಂಶದಲ್ಲೇ ಯಾರಿಗೂ ಇಷ್ಟು ಬಂದದ್ದಿಲ್ಲ. ಯಂತ್ರ ಕೆಟ್ಟಿರಬೇಕು. ನಾಳೆಯೇ ದೂರು ಬರೆಯಬೇಕು. ತಿರುಗಿಸಿ ನೋಡಿದೆ, ಹೊಣೆಗಾರರ ಹೆಸರು ವಿಳಾಸ ಹಿಂಬದಿಯಲ್ಲಿ ಅಚ್ಚುಕಟ್ಟಾಗಿ ಬರೆದಿದೆ. ಒಳ್ಳೆಯ ಪದ್ಧತಿ.